ಕೊಯ್ದ ಹೂವು ಬಾಡದಿರಲು

ಕಡೂರು ತಾಲ್ಲೂಕಿನ ಚೌಳಹಿರಿಯೂರಿನಂತಹ ಬಯಲುಸೀಮೆಯ ಊರುಗಳಲ್ಲಿ ಬೇಸಿಗೆಯ ಒಂದು ಬಿಂದಿಗೆ ನೀರಿಗೂ ಬೆಲೆಯುಂಟು. ಅಂತಹ ನೀರೆರೆದು ಹಿತ್ತಲಲ್ಲಿ ಬೆಳೆದ ಹೂವು ಒಂದೇ ದಿನಕ್ಕೆ ಬಾಡಿದರೆ ಅದು ನಷ್ಟವೇ ಸರಿ.

ಗುಲಾಬಿ, ಸೇವಂತಿಗೆ, ಸುಗಂಧರಾಜಗಳನ್ನು ಮುಂಜಾನೆಯ ತಂಪಿನಲ್ಲಿ ದಂಟು ಸಹಿತ ಕೊಯ್ಯಬೇಕು. ಕೊಯ್ದ ತುದಿಗೆ ಗಾಳಿ ಸೇರಿದರೆ ದಂಟು ನೀರನ್ನು ಸರಿಯಾಗಿ ಹೀರಲಾರದು. ಆದುದರಿಂದ ತುದಿಯನ್ನು ನೀರಿನೊಳಗೇ ಹಿಡಿದು, ಹರಿತವಾದ ಚಾಕುವಿನಿಂದ ಓರೆಯಾಗಿ ಮತ್ತೊಮ್ಮೆ ಕತ್ತರಿಸಬೇಕು. ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದುಹಾಕಬೇಕು. ಇಲ್ಲವಾದರೆ ಅವು ಕೊಳೆತು, ಸೂಕ್ಷ್ಮಾಣುಗಳು ಹೆಚ್ಚಿ, ದಂಟಿನ ನಾಳಗಳು ಕಟ್ಟಿಕೊಳ್ಳುತ್ತವೆ. ನೀರನ್ನು ದಿನವೂ ಬದಲಾಯಿಸುವುದು ಒಳ್ಳೆಯದು.

ಮಾಗುತ್ತಿರುವ ಬಾಳೆಗೊನೆಯ ಬಳಿ ಹೂವಿಡಬಾರದು. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲದಿಂದ ಅನೇಕ ಹೂಗಳು ಬೇಗ ಬಾಡುತ್ತವೆ.

ಬದಲಿಸಿದ ನೀರನ್ನು ಚೆಲ್ಲದೆ ಹೂಗಿಡದ ಬುಡಕ್ಕೇ ಹಾಕಿದರೆ ಮುಂದಿನ ಮೊಗ್ಗಿಗೂ ಆಸರೆಯಾಗುತ್ತದೆ.