ತುಳಸಿಯ ನಾಮಗಳೂ ಹಿತ್ತಲಿನ ಕೃಷಿಯೂ

ಕನ್ನಡ ನಾಡಿನ ಮನೆಗಳಲ್ಲಿ ತುಳಸಿಯಷ್ಟು ಪರಿಚಿತವಾದ ಗಿಡವು ವಿರಳ. ಆದರೂ ಗ್ರಂಥಗಳಲ್ಲಿ ಅದರ ಹೆಸರನ್ನು ನಿರ್ಣಯಿಸುವಾಗ ತೊಡಕುಗಳು ಬಹಳ. ‘ಸುರಸಾ’ ಶಬ್ದವು ಅಮರಕೋಶದಲ್ಲಿ ರಾಸ್ನೆಯ ಪರ್ಯಾಯಗಳ ನಡುವೆ ಪಠಿತವಾಗಿದೆ. ಸುಶ್ರುತಸಂಹಿತೆಯ ಸುರಸಾದಿಗಣದಲ್ಲಿ ಅದೇ ಶಬ್ದಕ್ಕೆ ವೈದ್ಯರು ತುಳಸಿಯೆಂದೇ ಅರ್ಥಮಾಡುವರು. ಪರ್ಣಾಸ, ಕುಠೇರಕ, ಅರ್ಜಕಗಳು ತುಳಸಿಯ ಬಳಗದವಾದರೂ ತುಳಸಿಯಲ್ಲ. ಕೋಶವೊಂದನ್ನೇ ನೆಚ್ಚಿ ಪಾಠ ಹೇಳುವ ಉಪಾಧ್ಯಾಯನು ಒಂದು ಗಿಡದ ಗುಣವನ್ನು ಮತ್ತೊಂದಕ್ಕೆ ಆರೋಪಿಸುವ ಸಂಭವವುಂಟು. ಈ ಸಂದೇಹಕ್ಕೆ ಪರಿಹಾರವು ಹಿತ್ತಲಿನಲ್ಲಿಯೇ ಇದೆ.

ಪಾಶ್ಚಾತ್ಯ ಸಸ್ಯಶಾಸ್ತ್ರದಲ್ಲಿಯೂ ನಾಮಭೇದವು ತಪ್ಪಿಲ್ಲ. ಲಿನೇಯಸ್ ಪಂಡಿತನು 1753ರಲ್ಲಿ ಈ ಗಿಡಕ್ಕೆ ಆಸಿಮಮ್ ಟೆನ್ಯುಫ್ಲೋರಮ್ ಎಂದೂ, 1767ರಲ್ಲಿ ಆಸಿಮಮ್ ಸ್ಯಾಂಕ್ಟಮ್ ಎಂದೂ ಹೆಸರಿಟ್ಟನು. ಎರಡೂ ಒಂದೇ ಗಿಡವೆಂದು ನಿಶ್ಚಯವಾದ ಮೇಲೆ ಮೊದಲಿನ ಹೆಸರೇ ನಿಂತಿತು. ಆಸಿಮಮ್ ಬೆಸಿಲಿಕಮ್ ಎಂಬುದು ಬೇರೆ. ಅದು ನಮ್ಮ ಕಾಮಕಸ್ತೂರಿ. ತುಳಸಿಯ ಕಾಂಡವು ರೋಮಯುಕ್ತ, ಎಲೆಯ ಅಂಚು ಹಲ್ಲುಹಲ್ಲಾದುದು, ಗಂಧವು ಲವಂಗವನ್ನು ನೆನಪಿಸುವಂಥದು. ಕಾಮಕಸ್ತೂರಿಯ ಎಲೆ ನುಣುಪು, ಹೂವು ಸಾಮಾನ್ಯವಾಗಿ ಬಿಳುಪು. ಅದರ ಕರಿಯ ಬೀಜವನ್ನು ನೀರಿನಲ್ಲಿ ನೆನೆಯಿಟ್ಟರೆ ಲೋಳೆಯಾಗಿ ಉಬ್ಬುವುದು. ಎರಡನ್ನೂ ಒಂದೇ ಮಡಿಯಲ್ಲಿ ಬೆಳೆಸಿ ಎಲೆಯನ್ನು ಹೊಸಕಿ ಮೂಸಿದವನಿಗೆ ಭ್ರಾಂತಿಯು ಉಳಿಯಲಾರದು.

ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ತುಳಸಿಗೆ ಹೇಳಿರುವ ಪರ್ಯಾಯಗಳಲ್ಲಿ ‘ಗ್ರಾಮ್ಯಾ’, ‘ಸುಲಭಾ’, ‘ಬಹುಮಂಜರೀ’ ಎಂಬ ಮೂರು ವಿಚಾರಾರ್ಹವಾಗಿವೆ. ಊರಿನೊಳಗೆ ಬೆಳೆಯುವುದು, ಸುಲಭವಾಗಿ ದೊರೆಯುವುದು, ಅನೇಕ ತೆನೆಗಳುಳ್ಳದ್ದು ಎಂದು ಇವುಗಳ ಅರ್ಥ. ಆದರೆ ಬೆಳಗಾವಿ ಸೀಮೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ಈ ಸೌಲಭ್ಯವು ಆರೈಕೆಯಿಂದ ಸಿದ್ಧಿಸತಕ್ಕದ್ದು. ಮಲೆನಾಡಿನ ಸೆರಗಿಗೆ ಸಮೀಪವಾದ ಕಿತ್ತೂರಿನಲ್ಲಿ ಮಳೆ ಹೆಚ್ಚು. ಪೂರ್ವಕ್ಕೆ ಸಾಗಿದಂತೆ ಅದು ಕುಗ್ಗುತ್ತ ಹೋಗುವುದು. ಬೈಲಹೊಂಗಲ, ಸವದತ್ತಿಗಳ ಎರೆಮಣ್ಣು ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟು ಬೇರನ್ನು ಕೊಳೆಯಿಸುವುದು. ಬೇಸಗೆಯಲ್ಲಿ ಬಿರಿದು ಬೇರನ್ನು ಹರಿಯುವುದು. ಆದುದರಿಂದ ಅಂಥ ಕಡೆ ತುಳಸೀಕಟ್ಟೆಯಲ್ಲಿ ಮಸಾರಿ ಮಣ್ಣು, ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಇವನ್ನು ಬೆರೆಸಿ ತುಂಬಿ, ನೀರು ಬಸಿದುಹೋಗಲು ತಳದಲ್ಲಿ ಕಿಂಡಿ ಬಿಡಬೇಕು. ಎತ್ತರದ ಕಟ್ಟೆಯು ಪೂಜೆಗೆ ಹೇಗೋ ಬೇರಿಗೂ ಹಾಗೆಯೇ ಹಿತಕರವಾದುದು.

ಮುಂಗಾರಿನ ಆರಂಭದಲ್ಲಿ ಬೀಜ ಬಿತ್ತುವುದು ಯುಕ್ತ. ಬೀಜವು ಅತಿ ಸೂಕ್ಷ್ಮವಾದುದರಿಂದ ಆಳಕ್ಕೆ ಹೂಳದೆ, ಮೇಲೆ ತೆಳುವಾಗಿ ಮಣ್ಣುದುರಿಸಿ ನೀರು ಚಿಮುಕಿಸಬೇಕು. ಒಂದೆರಡು ವಾರಗಳಲ್ಲಿ ಮೊಳಕೆ ಕಾಣುವುದು. ನಾಲ್ಕಾರು ಎಲೆ ಬಂದ ಸಸಿಯನ್ನು ಬಿಸಿಲು ಚೆನ್ನಾಗಿ ಬೀಳುವೆಡೆಗೆ ನೆಡಬೇಕು. ನಿತ್ಯವೂ ನೀರೆರೆಯುವ ಮನೆಗಳಲ್ಲಿ ಗಿಡವು ಒಣಗಿ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದುಂಟು. ಮೇಲ್ಮಣ್ಣು ಆರದೆ ಇರುವಾಗ ಒಂದು ಉದ್ಧರಣೆ ತೀರ್ಥವೇ ಸಾಕು.

ಕಾರ್ತಿಕ ಶುದ್ಧ ದ್ವಾದಶಿಯ ತುಳಸೀವಿವಾಹದ ಹೊತ್ತಿಗೆ ಗಿಡವು ತೆನೆಗಳಿಂದ ತುಂಬಿರುವುದು. ಶೋಭೆಗೆಂದು ಆ ತೆನೆಗಳನ್ನೆಲ್ಲ ಹಾಗೆಯೇ ಬಿಟ್ಟರೆ ಗಿಡದ ಸತ್ತ್ವವು ಬೀಜಕ್ಕೆ ಹೋಗಿ, ಎಲೆ ಕಿರಿದಾಗಿ, ಕಾಂಡವು ಕಟ್ಟಿಗೆಯಾಗುವುದು. ಆದುದರಿಂದ ತೆನೆಗಳನ್ನು ಆಗಾಗ ಚಿವುಟಿ, ಬೀಜಕ್ಕಾಗಿ ಒಂದೆರಡನ್ನು ಮಾತ್ರ ಉಳಿಸಬೇಕು. ಚಿವುಟಿದೆಡೆಯಲ್ಲಿ ಎರಡು ಕವಲೊಡೆದು ಪ್ರತಿ ಕವಲಿಗೂ ಹೊಸ ತೆನೆ ಬರುವುದು. ‘ಬಹುಮಂಜರೀ’ ಎಂಬ ಹೆಸರಿನ ಸಾರ್ಥಕ್ಯವು ಇಲ್ಲಿ ಪ್ರತ್ಯಕ್ಷವಾಗುತ್ತದೆ. ಹೀಗೆ ಪೋಷಿಸಿದರೂ ಗಿಡದ ಆಯುಸ್ಸು ಕೆಲವೇ ವರ್ಷ. ಬೀಜವನ್ನು ಕಾದಿರಿಸಿ ಮರಳಿ ಬಿತ್ತುವ ಮನೆಯಲ್ಲಿಯೇ ಅದು ‘ಸುಲಭಾ’. ಮನುಷ್ಯನ ಕೈಯನ್ನು ನೆಚ್ಚಿ ಬಾಳುವುದರಿಂದಲೇ ಅದು ‘ಗ್ರಾಮ್ಯಾ’.

ನಿಘಂಟುಕಾರರು ಇಟ್ಟ ಹೆಸರುಗಳು ಬರಿಯ ಸ್ತುತಿಗಳಲ್ಲ, ಗಿಡವನ್ನು ಕಂಡು ಆಡಿದ ಮಾತುಗಳು. ವಿದ್ಯಾರ್ಥಿಗೆ ಅವುಗಳ ಅರ್ಥವನ್ನು ಬಾಯಿಪಾಠ ಮಾಡಿಸುವ ಮುನ್ನ ಉಪಾಧ್ಯಾಯರು ಅವನನ್ನು ಕಟ್ಟೆಯ ಬಳಿಗೆ ಕರೆದೊಯ್ಯುವುದು ಶ್ರೇಯಸ್ಕರ.