ಕ್ಯಾನಿನಲ್ಲಿ ತಂದ ಕಡಲು ಚಿಂತಾಮಣಿಯಲ್ಲಿ ಬದುಕುವುದಿಲ್ಲ

ಚಿಂತಾಮಣಿಯಿಂದ ಮಲ್ಪೆಯ ಕಡಲಿಗೆ 450 ಕಿ.ಮೀ.ಗೂ ಹೆಚ್ಚು ದಾರಿ. ರಜೆಯಲ್ಲಿ ಧರ್ಮಸ್ಥಳ, ಉಡುಪಿ, ಮುರ್ಡೇಶ್ವರ ಮುಗಿಸಿಕೊಂಡು ಊರಿಗೆ ಮರಳುವ ಗಾಡಿಗಳಲ್ಲಿ ಪ್ರಸಾದದ ಚೀಲಗಳ ಪಕ್ಕ ಒಮ್ಮೊಮ್ಮೆ ಕಡಲ ನೀರಿನ ಕ್ಯಾನೂ ಇರುತ್ತದೆ. ಒಳಗೆ ಕಾಪುವಿನ ದೀಪಸ್ತಂಭದ ಬಂಡೆಗಳ ಗುಂಡಿಯಲ್ಲಿ ಸಿಕ್ಕ ನಾಲ್ಕು ಪುಟ್ಟ ಮೀನು, ಬಂದರಿನಲ್ಲಿ ಬಲೆಯಿಂದ ಬಿದ್ದ ನಕ್ಷತ್ರಮೀನು, ಚಿಪ್ಪು ಹೊತ್ತು ನಡೆಯುವ ಸನ್ಯಾಸಿ ಏಡಿ. ತರುವವರು ಪ್ರೀತಿಯಿಂದಲೇ ತರುತ್ತಾರೆ. ಮನೆಯಲ್ಲಿ ಮಕ್ಕಳಿಗೆಂದು ಕೊಂಡ ಗಾಜಿನ ತೊಟ್ಟಿ ಕಾಯುತ್ತಿರುತ್ತದೆ. ಆದರೆ ಅದಕ್ಕೆ ಇಳಿದ ಜೀವಗಳಲ್ಲಿ ಹೆಚ್ಚಿನವು ವಾರ ದಾಟುವುದಿಲ್ಲ. ಇದಕ್ಕೆ ಕಾರಣವಾದ ಕೆಲವು ನಂಬಿಕೆಗಳನ್ನು ಬಿಡಿಸಿ ನೋಡಬೇಕು.

ತಪ್ಪು ಕಲ್ಪನೆ: "ಸಮುದ್ರದ ನೀರಲ್ಲೇ ತಂದ್ರೆ ಬದುಕುತ್ತೆ ಬಿಡಣ್ಣ. ನೀರು ಕಮ್ಮಿಯಾದ್ರೆ ಒಂದಿಷ್ಟು ಉಪ್ಪು ಬೆರೆಸಿದ್ರಾಯ್ತು."

ಸತ್ಯ: ಮುಚ್ಚಿದ ಕ್ಯಾನಿನೊಳಗೆ ಮೀನು ಉಸಿರಾಡಿದಂತೆ ಆಮ್ಲಜನಕ ಮುಗಿಯುತ್ತ ಬರುತ್ತದೆ. ಕಿವಿರಿನಿಂದ ಹೊರಬೀಳುವ ಅಮೋನಿಯಾ ಅದೇ ನೀರಿನಲ್ಲಿ ಉಳಿಯುತ್ತದೆ. ಘಾಟಿ ಹತ್ತಿ, ಹಾಸನ ದಾಟಿ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೇಯುವ ಹೊತ್ತಿಗೆ ಆ ನೀರೇ ವಿಷ. ದಾರಿಯಲ್ಲಿ ಉಳಿದದ್ದಕ್ಕೂ ಮನೆಯಲ್ಲಿ ಅದೇ ಗತಿ. ಅಮೋನಿಯಾವನ್ನು ನೈಟ್ರೈಟ್ ಆಗಿ, ಮುಂದೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ತೊಟ್ಟಿಯ ಮರಳು, ಕಲ್ಲು, ಫಿಲ್ಟರಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅನುಭವಸ್ಥರು ಅಲ್ಲಿಯವರೆಗೆ ತೊಟ್ಟಿಗೆ ಮೀನು ಬಿಡುವುದೇ ಇಲ್ಲ.

ಇನ್ನು ಉಪ್ಪಿನ ಮಾತು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಅದರಲ್ಲಿ ಸೋಡಿಯಂ, ಕ್ಲೋರೈಡ್ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲವೂ ತಮ್ಮ ತಮ್ಮ ಪ್ರಮಾಣದಲ್ಲಿರುತ್ತವೆ. ಅಡುಗೆ ಉಪ್ಪಿನಿಂದ ಆ ಹದ ಬರುವುದಿಲ್ಲ. ಅದಕ್ಕೆಂದೇ ತಯಾರಿಸಿದ ಲವಣ ಮಿಶ್ರಣ ಬೇಕು, ಬೆರೆಸಲು ಆರ್‌ಒ ನೀರು ಬೇಕು. ಸಾವಿರ ಅಡಿ ದಾಟಿದ ನಮ್ಮ ಕೊಳವೆಬಾವಿಗಳ ಗಡಸು, ಫ್ಲೋರೈಡ್ ನೀರು ನಮಗೇ ಆಗದು, ಕಡಲ ಜೀವಿಗಳಿಗೆ ಹೇಗೆ ಆದೀತು? ಇನ್ನೊಂದು ವಿಷಯವನ್ನು ಬಯಲುಸೀಮೆಯವರು ಮರೆಯಬಾರದು. ಬೇಸಿಗೆಯ ಒಣಗಾಳಿಗೆ ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟೂ ಉಪ್ಪುನೀರು ತುಂಬಿಸುತ್ತ ಹೋದರೆ ಲವಣ ಏರುತ್ತಲೇ ಹೋಗುತ್ತದೆ. ತುಂಬಿಸಬೇಕಾದದ್ದು ಸಿಹಿನೀರು, ಅದೂ ದಿನಾ ಸ್ವಲ್ಪ ಸ್ವಲ್ಪ.

ತಪ್ಪು ಕಲ್ಪನೆ: "ಬಂಡೆಗುಂಡಿಯ ಜೀವಿಗಳು ಗಟ್ಟಿ. ಬಿಸಿಲು ಮಳೆ ತಡೆದುಕೊಂಡವಕ್ಕೆ ತೊಟ್ಟಿ ಯಾವ ಲೆಕ್ಕ?"

ಸತ್ಯ: ಇದರಲ್ಲಿ ಅರ್ಧ ನಿಜವಿದೆ. ಇಳಿತದ ಹೊತ್ತಿನಲ್ಲಿ ಗುಂಡಿಯ ನೀರು ಕಾಯುತ್ತದೆ, ಮಳೆ ಬಂದರೆ ಸಪ್ಪೆಯಾಗುತ್ತದೆ, ಅಲ್ಲಿನ ಮೀನು ತಾಳಿಕೊಳ್ಳುತ್ತದೆ. ಕೆಲವು ಗಂಟೆಗಳಲ್ಲಿ ಉಬ್ಬರ ಬಂದು ಹೊಸ ನೀರು ತರುತ್ತದೆ ಎಂಬುದರಿಂದಷ್ಟೇ ಅದು ಸಾಧ್ಯ. ತೊಟ್ಟಿಗೆ ಉಬ್ಬರ ಬರುವುದಿಲ್ಲ. ಮೇಲಾಗಿ, ಅಲ್ಲಿ ಕಾಣುವ ಪುಟ್ಟ ಮೀನುಗಳಲ್ಲಿ ಹಲವು ದೊಡ್ಡ ಜಾತಿಯ ಮರಿಗಳು. ದೊಡ್ಡವುಗಳ ಬಾಯಿಂದ ತಪ್ಪಿಸಿಕೊಂಡು ಅಲ್ಲಿ ಬೆಳೆಯುತ್ತಿರುತ್ತವೆ. ನಕ್ಷತ್ರಮೀನಿನ ಪಾಡು ಇನ್ನೂ ಕಷ್ಟ. ಲವಣಾಂಶದ ದಿಢೀರ್ ಬದಲಾವಣೆಯನ್ನು ಅದು ತಡೆಯದು. ತಡೆದರೂ ಸರಿಯಾದ ಆಹಾರವಿಲ್ಲದೆ ತಿಂಗಳುಗಟ್ಟಲೆ ಹಸಿದು ಸಾಯುತ್ತದೆ. ಅಷ್ಟಾಗಿ ಅಲುಗಾಡದ ಪ್ರಾಣಿಯ ಹಸಿವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ತಪ್ಪು ಕಲ್ಪನೆ: "ದಡದಲ್ಲಿ ಸಿಕ್ಕಿದ್ದು ಸಿಕ್ಕಿದವರದು. ಕಾನೂನು ಇರುವುದು ಹುಲಿ, ಚಿರತೆಗೆ."

ಸತ್ಯ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯ ಪಟ್ಟಿಗೆ 2001ರಲ್ಲಿ ಕಡಲಕುದುರೆ, ಸಮುದ್ರ ಸೌತೆ, ಬಂಡೆ ಕಟ್ಟುವ ಹವಳಗಳು, ಬೀಸಣಿಗೆಯಾಕಾರದ ಹವಳಗಳು ಹಾಗೂ ಹಲವು ಶಂಖ–ಚಿಪ್ಪುಗಳು ಸೇರಿದವು. ಹವಳ ಇರುವುದು ಹುಲಿ ಇರುವ ಮೊದಲ ಅನುಸೂಚಿಯಲ್ಲೇ. ಆ ಅನುಸೂಚಿಯ ಜೀವಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಡೈವಿಂಗ್‌ಗೆ ಹೋಗುವವರು ನೆನಪಿಗೆಂದು ಒಂದು ತುಂಡು ಹವಳ ಮುರಿದು ತಂದರೂ ಅದು ಈ ಕಾಯ್ದೆಯ ಕೆಳಗೇ ಬರುತ್ತದೆ.

ಕಾನೂನಿಗೆ ಸಿಗದ ಖಾಲಿ ಚಿಪ್ಪಿಗೂ ಬೇಡಿಕೆಯವರಿದ್ದಾರೆ. ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ. ಮೈ ಬೆಳೆದಂತೆ ದೊಡ್ಡ ಖಾಲಿ ಚಿಪ್ಪು ಹುಡುಕಿ ಮನೆ ಬದಲಿಸಬೇಕು. ನಾವು ಚೀಲ ತುಂಬಿದಷ್ಟೂ ಅದಕ್ಕೆ ಮನೆಗಳು ಕಡಿಮೆ. ಚಿತ್ತಾರದ ಶಂಕುವಿನಾಕಾರದ ಚಿಪ್ಪು ಕಂಡರೆ ಮಕ್ಕಳ ಕೈಗೆ ಕೊಡಲೇಬೇಡಿ. ಒಳಗೆ ಬಸವನಹುಳು ಜೀವಂತವಿದ್ದರೆ ವಿಷದ ಮುಳ್ಳು ಚುಚ್ಚುತ್ತದೆ. ಆ ಕುಲದ ಕೆಲವು ಜಾತಿಗಳ ವಿಷಕ್ಕೆ ಮನುಷ್ಯರು ಸತ್ತದ್ದಿದೆ.

ತಪ್ಪು ಕಲ್ಪನೆ: "ಹಿಡಿಯೋದು ಬೇಡ ಅಂದ್ರೆ ಅಂಗಡೀಲಿ ಕೊಳ್ತೀವಿ. ಅವೆಲ್ಲ ಸಾಕಿದ ಮೀನು ತಾನೇ?"

ಸತ್ಯ: ಗೋಲ್ಡ್‌ಫಿಶ್, ಗಪ್ಪಿಯಂಥ ಸಿಹಿನೀರಿನ ಮೀನುಗಳ ಮಟ್ಟಿಗೆ ಹೌದು. ಉಪ್ಪುನೀರಿನ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಇಂದಿಗೂ ಕಡಲಿನಿಂದಲೇ ಹಿಡಿದವು. 2003ರ 'ಫೈಂಡಿಂಗ್ ನೀಮೊ' ಚಿತ್ರದಿಂದ ಮಕ್ಕಳ ಮನಗೆದ್ದ ಕ್ಲೌನ್ ಮೀನು ಇದಕ್ಕೊಂದು ಅಪವಾದ. ಅದನ್ನು ಹ್ಯಾಚರಿಯಲ್ಲಿ ಮರಿ ಮಾಡಿಸಬಹುದು. ನಮ್ಮ ದೇಶದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ವಿಳಿಂಜಂ ಮತ್ತು ಮಂಡಪಂ ಕೇಂದ್ರಗಳಲ್ಲಿ ಇದನ್ನು ಸಾಧಿಸಿದ್ದಾರೆ. ಉಪ್ಪುನೀರಿನ ತೊಟ್ಟಿ ಇಡಲೇಬೇಕು ಎನ್ನುವವರು ಅಂಗಡಿಯಲ್ಲಿ ಮೊದಲು ಬೆಲೆ ಕೇಳಬೇಡಿ. ಇದು ಹ್ಯಾಚರಿ ಮರಿಯೋ, ಕಡಲಲ್ಲಿ ಹಿಡಿದದ್ದೋ ಎಂದು ಕೇಳಿ. ಉತ್ತರ ತಡವರಿಸಿದರೆ ಕೊಳ್ಳದೆ ಬನ್ನಿ.

ಮುಂದಿನ ಸಲ ಕರಾವಳಿಗೆ ಹೋದಾಗ ಮಕ್ಕಳನ್ನು ಇಳಿತದ ಹೊತ್ತಿಗೆ ಬಂಡೆಗುಂಡಿಯ ಬಳಿ ಕೂರಿಸಿ, ಅರ್ಧ ಗಂಟೆ ನೋಡಲು ಬಿಡಿ. ಯಾವುದಾದರೂ ಕಲ್ಲು ಎತ್ತಿದ್ದರೆ ಅದನ್ನು ಮೊದಲಿದ್ದ ಮಗ್ಗುಲಿಗೇ ಮರಳಿಸಿ ಇಡಿ, ಅಡಿಯಲ್ಲಿ ಮೊಟ್ಟೆಗಳಿರುತ್ತವೆ.