ಬಳಕೆದಾರರ ಜಾಡು: ಹಿಡಿಯುವುದೆಷ್ಟು, ಬಿಡುವುದೆಷ್ಟು

ಟಿಕೆಟ್ ಕಾಯ್ದಿರಿಸುವುದು, ವಿದ್ಯುತ್ ಬಿಲ್ ಕಟ್ಟುವುದು ಮುಂತಾದ ಕೆಲಸಗಳನ್ನು ಬ್ರೌಸರಿನೊಳಗೇ ಮಾಡಿಕೊಡುವ ತಂತ್ರಾಂಶಕ್ಕೆ ವೆಬ್ ಅಪ್ಲಿಕೇಶನ್ ಎಂದು ಹೆಸರು. ಅಂಗಡಿಯಲ್ಲಿ ಕುಳಿತವರಿಗೆ ಬರಿಗೈಯಲ್ಲಿ ಹಿಂದಿರುಗುವ ಗಿರಾಕಿ ಕಣ್ಣಿಗೆ ಬೀಳುತ್ತಾನೆ. ಇಲ್ಲಿ ಅರ್ಜಿಯನ್ನು ಅರ್ಧ ತುಂಬಿ ಹೊರಟವರು ಅದನ್ನು ರೂಪಿಸಿದವರಿಗೆ ಕಾಣುವುದೇ ಇಲ್ಲ. ಜನ ಎಲ್ಲಿಂದ ಬಂದರು, ಎಲ್ಲಿ ತಡವರಿಸಿದರು, ಎಲ್ಲಿ ಕೈಬಿಟ್ಟರು ಎಂಬುದನ್ನು ದಾಖಲಿಸಿ ಅರ್ಥೈಸುವ ವ್ಯವಸ್ಥೆಯೇ ಯೂಸರ್ ಅನಲಿಟಿಕ್ಸ್, ಅಂದರೆ ಬಳಕೆಯ ವಿಶ್ಲೇಷಣೆ.

ವೆಬ್‌ನ ಆರಂಭದ ವರ್ಷಗಳಲ್ಲಿ ಇದಕ್ಕಿದ್ದ ಆಧಾರ ಸರ್ವರ್ ಲಾಗ್: ಯಾವ ಐಪಿ ವಿಳಾಸದಿಂದ, ಅಂದರೆ ಅಂತರ್ಜಾಲ ಸಂಪರ್ಕವನ್ನು ಗುರುತಿಸುವ ಯಾವ ಸಂಖ್ಯೆಯಿಂದ, ಎಷ್ಟು ಹೊತ್ತಿಗೆ ಯಾವ ಪುಟವನ್ನು ಕೇಳಲಾಯಿತು ಎಂಬ ದಾಖಲೆ. ಒಂದೇ ವಿಳಾಸವನ್ನು ಹಲವರು ಹಂಚಿಕೊಳ್ಳುವುದರಿಂದ, ಬಂದವರು ಹಳಬರೋ ಹೊಸಬರೋ ಎಂಬುದು ಅದರಿಂದ ತಿಳಿಯುತ್ತಿರಲಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ರೂಪಿಸಿದ ಕುಕಿ, ಅಂದರೆ ಬ್ರೌಸರಿನಲ್ಲಿ ಉಳಿಯುವ ಪುಟ್ಟ ಗುರುತು, ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಅರ್ಚಿನ್ ಎಂಬ ಕಂಪನಿಯನ್ನು ಕೊಂಡುಕೊಂಡ ಗೂಗಲ್, 2005ರ ನವೆಂಬರಿನಲ್ಲಿ ಗೂಗಲ್ ಅನಲಿಟಿಕ್ಸನ್ನು ಉಚಿತವಾಗಿ ಬಿಡುಗಡೆ ಮಾಡಿದ ಮೇಲಂತೂ ಪುಟಕ್ಕೆ ಕೆಲವು ಸಾಲು ಜಾವಾಸ್ಕ್ರಿಪ್ಟ್ ಸೇರಿಸುವುದೇ ರೂಢಿಯಾಯಿತು.

ಇಂದಿನ ಅನೇಕ ಅಪ್ಲಿಕೇಶನ್‌ಗಳಲ್ಲಿ ಪುಟ ಮತ್ತೆ ಲೋಡ್ ಆಗದೆ ಒಳಗಿನ ಭಾಗವಷ್ಟೇ ಬದಲಾಗುವುದರಿಂದ, ಪುಟ ತೆರೆದಾಗ ಮಾತ್ರ ಎಣಿಸುವ ಕೋಡ್ ಮೊದಲ ಪುಟದ ಆಚೆಗೆ ಏನನ್ನೂ ಕಾಣದು. ಆದ್ದರಿಂದ ಬಟನ್ ಒತ್ತಿದ್ದು, ಕಡತ ಸೇರಿಸಿದ್ದು ಮುಂತಾದ ಒಂದೊಂದು ಕ್ರಿಯೆಯನ್ನೂ ‘ಇವೆಂಟ್’ ಎಂದು ಹೆಸರಿಸಿ ಸರ್ವರಿಗೆ ಕಳುಹಿಸಲಾಗುತ್ತದೆ.

ಯಾವುದನ್ನು ಇವೆಂಟ್ ಮಾಡಬೇಕು ಎಂಬಲ್ಲಿಯೇ ವಿವೇಕದ ಪರೀಕ್ಷೆ. ವಿದ್ಯಾರ್ಥಿವೇತನದ ಅರ್ಜಿಯೊಂದನ್ನು ಊಹಿಸಿಕೊಂಡರೆ, ಅರ್ಜಿ ತೆರೆದದ್ದು, ಒಟಿಪಿ ಕೇಳಿದ್ದು, ದಾಖಲೆ ಸೇರಿಸಿದ್ದು, ಸಲ್ಲಿಸಿದ್ದು ಎಂಬ ನಾಲ್ಕು ಗುರುತುಗಳೇ ಅರ್ಜಿದಾರರು ಯಾವ ಹಂತದಲ್ಲಿ ಉದುರುತ್ತಿದ್ದಾರೆ ಎಂಬುದನ್ನು ತೋರಿಸುತ್ತವೆ. ದಾಖಲೆಯ ಹಂತದಲ್ಲೇ ಹೆಚ್ಚಿನವರು ನಿಂತಿದ್ದರೆ ಕಡತದ ಗಾತ್ರದ ಮಿತಿಯನ್ನು ಪರಿಶೀಲಿಸಬಹುದು. ಇದಕ್ಕೆ ಅರ್ಜಿದಾರರ ಹೆಸರಾಗಲಿ ಮೊಬೈಲ್ ಸಂಖ್ಯೆಯಾಗಲಿ ಬೇಕಿಲ್ಲ. ಹಾಗಿದ್ದೂ ಅವು ಸೋರುವ ದಾರಿಗಳಿವೆ: ಪುಟದ ವಿಳಾಸದಲ್ಲೇ ಮೊಬೈಲ್ ಸಂಖ್ಯೆ ಸೇರಿದ್ದರೆ, ವಿಳಾಸವನ್ನು ಇದ್ದಂತೆಯೇ ದಾಖಲಿಸುವ ಅನಲಿಟಿಕ್ಸ್ ಅದನ್ನೂ ಹೊರಗಿನ ಕಂಪನಿಯ ಸರ್ವರಿಗೆ ಒಯ್ಯುತ್ತದೆ. ಅಳವಡಿಸುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ. ಮಾಟೊಮೊದಂತಹ ಮುಕ್ತ ತಂತ್ರಾಂಶವನ್ನು ಸ್ವಂತ ಸರ್ವರಿನಲ್ಲಿ ನಡೆಸಿದರೆ ಮಾಹಿತಿ ಹೊರಗೆ ಹೋಗದು. ಆದರೆ ಬೇಡದ್ದನ್ನು ಸಂಗ್ರಹಿಸಿದ ತಪ್ಪು ಅಲ್ಲಿಯೂ ತಪ್ಪೇ.

ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮುಂದೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಬಳಕೆದಾರರಿಗೆ ಇರಬೇಕೆಂದು ವಿಧಿಸುತ್ತದೆ. ಕನ್ನಡವೂ ಆ ಪಟ್ಟಿಯಲ್ಲಿರುವುದರಿಂದ, ಕನ್ನಡಿಗರಿಗಾಗಿ ಅಪ್ಲಿಕೇಶನ್ ರೂಪಿಸುವವರು ಈ ಸೂಚನೆಯನ್ನು ತಿಳಿಗನ್ನಡದಲ್ಲಿ ಬರೆಯುವುದನ್ನು ಕೋಡ್ ಬರೆಯುವಷ್ಟೇ ಶ್ರದ್ಧೆಯಿಂದ ಮಾಡಬೇಕು. ಹದಿನೆಂಟು ತುಂಬದವರ ನಡವಳಿಕೆಯ ಜಾಡು ಹಿಡಿಯುವುದನ್ನು ಕಾಯ್ದೆ ಸಾಮಾನ್ಯವಾಗಿ ನಿಷೇಧಿಸುವುದರಿಂದ ಶಾಲಾ ಅಪ್ಲಿಕೇಶನ್‌ಗಳಿಗೆ ಹೆಚ್ಚಿನ ಎಚ್ಚರ ಅಗತ್ಯ. ಸಮ್ಮತಿ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲೂ ಸಾಧ್ಯವಾಗಬೇಕು. ಎಂದರೆ, ಸಮ್ಮತಿಯನ್ನೇ ನೆಚ್ಚಿರುವ ಅನಲಿಟಿಕ್ಸ್ ಕೋಡ್ ಬಳಕೆದಾರರು ಒಪ್ಪುವವರೆಗೆ ಲೋಡ್ ಆಗದಂತೆ, ಬೇಡವೆಂದ ಕೂಡಲೇ ನಿಲ್ಲುವಂತೆ ಅದನ್ನು ಮೊದಲೇ ಹೆಣೆದಿರಬೇಕು.